ದಾರದಮ್ಮನ ನಾಲ್ಕು ಬಣ್ಣ

ಹೆಣ್ಣುಮಕ್ಕಳ ಹಾಸ್ಟೆಲಿನ ಹಿಂಬದಿಗೆ ಎರಡು ಕೋಣೆಗಳಿದ್ದವು. ಒಂದರಲ್ಲಿ ಬಟ್ಟೆ ಒಗೆಯುತ್ತಿದ್ದರು, ಇನ್ನೊಂದರಲ್ಲಿ ಹೊಲಿಯುತ್ತಿದ್ದರು. ನಡುವಿನ ಗೋಡೆಯಲ್ಲಿ ಬಟ್ಟೆಯ ಗಂಟು ತೂರುವಷ್ಟು ಅಗಲದ ಒಂದು ಕಿಂಡಿ. ಇಪ್ಪತ್ತೆರಡು ವರ್ಷ ಗಂಡ ಆ ಕಡೆ ಒಗೆದ, ಹೆಂಡತಿ ಈ ಕಡೆ ಹೊಲಿದಳು. ಮಕ್ಕಳು ಅವನನ್ನು ಸೋಪಿನ ತಾತ ಎನ್ನುತ್ತಿದ್ದರು, ಅವಳನ್ನು ದಾರದಮ್ಮ.

ಇಬ್ಬರಿಗೂ ಓದು ಅಷ್ಟಕ್ಕಷ್ಟೇ. ಅವಳದು ಮೂರನೇ ಕ್ಲಾಸು, ಅವನದು ಅದೂ ಇಲ್ಲ. ಎಂಬತ್ತನಾಲ್ಕು ಮಕ್ಕಳ ಬಟ್ಟೆಯಲ್ಲಿ ಎಲ್ಲಿ ಏನು ಹರಿದಿದೆ ಎಂದು ಬರೆದಿಡುವುದು ಅವರಿಂದಾಗುವ ಮಾತಲ್ಲ. ಗಂಡ ಒಂದು ದಾರಿ ಹುಡುಕಿದ. ಒಗೆಯುವವನ ಕೈಗೆ ಬಟ್ಟೆಯ ಇಂಚಿಂಚೂ ಸಿಗುತ್ತದಲ್ಲ, ಅವನಿಗೆ ಗೊತ್ತಾಗದ ತೂತಿಲ್ಲ. ಕಂಡದ್ದಕ್ಕೆ ಒಂದು ತುಂಡು ದಾರ ಕಟ್ಟಿ ಕಿಂಡಿಯಲ್ಲಿ ತಳ್ಳುತ್ತಿದ್ದ. ಕೆಂಪು ದಾರವೆಂದರೆ ಗುಂಡಿ ಹೋಗಿದೆ. ನೀಲಿಯೆಂದರೆ ಅಂಚು ಬಿಚ್ಚಿದೆ. ಬಿಳಿಯೆಂದರೆ ಇದು ಇನ್ನು ಆಗುವುದಿಲ್ಲ, ಹೊಸದು ತರಲು ಹೇಳು. ಹಳದಿಯೆಂದರೆ ಸವೆದಿದೆ, ಆದರೆ ಇನ್ನೂ ಸ್ವಲ್ಪ ದಿನ ತಡೆದುಕೊಳ್ಳುತ್ತದೆ, ಈಗಲೇ ಕೈ ಹಾಕಬೇಡ. ಅವಳು ದಾರ ನೋಡುವಳು, ಹೊಲಿಯುವಳು, ದಾರ ಬಿಚ್ಚಿ ಡಬ್ಬಿಗೆ ಹಾಕುವಳು. ಮಕ್ಕಳ ಕಪಾಟಿಗೆ ಬಟ್ಟೆ ಹೋಗುವ ಹೊತ್ತಿಗೆ ದಾರ ಇರುತ್ತಿರಲಿಲ್ಲ.

ಗಂಡ ಹೆಂಡಿರ ಮಾತು ಹೆಚ್ಚುಕಮ್ಮಿ ಇಷ್ಟೇ. ಜಗಳವಾದ ದಿನ ಅವಳು ಅವನ ಊಟದ ಡಬ್ಬಿಗೆ ಬಿಳಿ ದಾರ ಕಟ್ಟಿ ಕಿಂಡಿಯಲ್ಲಿಡುತ್ತಿದ್ದಳು. ಅವನು ಉಂಡು, ತೊಳೆದು, ಅದೇ ಡಬ್ಬಿಗೆ ಹಳದಿ ಕಟ್ಟಿ ವಾಪಸು ಕಳಿಸುತ್ತಿದ್ದ.

ಅವನಿಗೆ ಕೆಮ್ಮು ಹತ್ತಿತು. ಆಸ್ಪತ್ರೆಗೆ ಹೋಗು ಎಂದು ಅವಳು ದಿನಾ ಬಡಿದುಕೊಂಡಳು. ಒಂದು ದಿನ ಕಿಂಡಿಯ ಮುಂದೆ ಬಂದು ನಿಂತು ಎದೆ ತೋರಿಸಿದ. ಅಂಗಿಯ ಗುಂಡಿಗೆ ಹಳದಿ ದಾರ ಕಟ್ಟಿಕೊಂಡಿದ್ದ. ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. ನಕ್ಕುಬಿಟ್ಟಳು. ಅವನು ಹತ್ತೊಂಬತ್ತು ದಿನ ತಡೆದುಕೊಂಡ.

ಅದಾದ ಮೇಲೆ ಒಗೆಯುವ ಕೆಲಸ ಹೊರಗಿನವರಿಗೆ ಹೋಯಿತು. ವಾರಕ್ಕೆ ಎರಡು ಸಲ ವ್ಯಾನು ಬರುತ್ತಿತ್ತು, ಬಟ್ಟೆ ಒಯ್ಯುತ್ತಿತ್ತು, ಇಸ್ತ್ರಿ ಮಾಡಿ ತಂದು ಎಸೆಯುತ್ತಿತ್ತು. ಒಗೆಯುವ ಕೋಣೆಗೆ ಮುರಿದ ಮಂಚಗಳನ್ನು ತುಂಬಿದರು. ಕಿಂಡಿಯಲ್ಲಿ ಈಗ ಮಂಚದ ಕಾಲು ಕಾಣುತ್ತಿತ್ತು.

ಈಗ ಹರಿದದ್ದನ್ನು ಹುಡುಕುವವಳೂ ಅವಳೇ, ಹೊಲಿಯುವವಳೂ ಅವಳೇ. ಬೆಳಿಗ್ಗೆ ಬಟ್ಟೆ ಬಿಡಿಸಿ ನೋಡುತ್ತ ದಾರ ಕಟ್ಟುವಳು, ಮಧ್ಯಾಹ್ನದಿಂದ ಹೊಲಿಯಲು ಕೂರುವಳು. ತಾನೇ ಹೊಲಿಯುವುದಕ್ಕೆ ತಾನೇ ಗುರುತು ಕಟ್ಟುವುದು ಯಾಕೆ ಎಂದು ಕೇಳುವವರಿರಲಿಲ್ಲ. ಎಂಬತ್ತನಾಲ್ಕು ಮಕ್ಕಳ ಬಟ್ಟೆ ಒಬ್ಬಳ ಕೈಗೆ ಮುಗಿಯಲಿಲ್ಲ. ಶನಿವಾರದೊಳಗೆ ಕಪಾಟು ತುಂಬಲೇಬೇಕು. ಹೊಲಿಯದೆ ಉಳಿದದ್ದು ದಾರದ ಸಮೇತ ಹೋಗತೊಡಗಿತು.

ವಾರ್ಡನ್ ಕೆಟ್ಟ ಹೆಂಗಸಲ್ಲ. ಎಂಬತ್ತನಾಲ್ಕು ಮಕ್ಕಳ ಜ್ವರ, ಹಲ್ಲುನೋವು, ಹೇನು, ಎಲ್ಲ ಅವರ ತಲೆಯ ಮೇಲೇ. ಐದನೇ ತಿಂಗಳಿಗೆ ಹೊಲಿಗೆ ಕೋಣೆಗೆ ಬಂದರು, ನಿಂತುಕೊಂಡೇ ಮಾತಾಡಿದರು.

"ನೋಡಮ್ಮ, ಗುಂಡಿ ಇಲ್ಲದ ಬಟ್ಟೇಲಿ ಮಕ್ಕಳು ಕ್ಲಾಸಿಗೆ ಹೋಗ್ತಿದ್ದಾರೆ. ನಿಮ್ಮ ಕಷ್ಟ ನಂಗೆ ಗೊತ್ತು. ಈ ತಿಂಗಳು ನೋಡ್ತೀನಿ. ಆಗಲಿಲ್ಲ ಅಂದ್ರೆ ಹೊಲಿಗೇನೂ ವ್ಯಾನಿನವರಿಗೇ ಕೊಡಬೇಕಾಗುತ್ತೆ."

ಆಗಲಿ ಎಂದಳು. ಬೇರೆ ಏನು ಹೇಳುವುದು. ಅವಳು ಮಲಗುವುದು ಅದೇ ಕೋಣೆಯ ಮೂಲೆಯಲ್ಲಿ. ಕೆಲಸ ಹೋದರೆ ಕೋಣೆಯೂ ಹೋಯಿತು. ತಂಗಿಯ ಮನೆಯೊಂದಿತ್ತು. ತಂಗಿ ಬೇಡ ಎನ್ನುವವಳಲ್ಲ. ಬಾ ಎಂದು ಎರಡು ಸಲ ಹೇಳುವವಳೂ ಅಲ್ಲ.

ಇತ್ತ ಮಕ್ಕಳು ದಾರ ನೋಡತೊಡಗಿದ್ದರು.

ಮೊದಲು ನೋಡಿದವಳು ರೇಡಿಯೋ. ಅವಳ ಕಿವಿಗೆ ಬಿದ್ದ ಸುದ್ದಿ ಮೂರು ಮಹಡಿ ಮುಟ್ಟಲು ಒಂದು ಲೋಟ ಹಾಲು ಕುಡಿಯುವಷ್ಟು ಹೊತ್ತೂ ಬೇಡ, ಅದಕ್ಕೇ ಆ ಹೆಸರು. ಅವಳ ಕಾಲರಿಗೆ ಕೆಂಪು ದಾರ ಬಂದ ದಿನವೇ ಓದುವ ಹೊತ್ತಿನಲ್ಲಿ ಮಾತಾಡಿದಳೆಂದು ಹೊರಗೆ ನಿಲ್ಲಿಸಿದರು. ಅದೇ ವಾರ ಕೆಂಪು ಬಂದ ಇನ್ನಿಬ್ಬರಲ್ಲಿ ಒಬ್ಬಳು ಭೂಗೋಳದ ಪುಸ್ತಕದೊಳಗೆ ಕಥೆಪುಸ್ತಕ ಇಟ್ಟುಕೊಂಡು ಸಿಕ್ಕಿಬಿದ್ದಳು, ಒಬ್ಬಳು ಗೋಡೆ ಹತ್ತಿ ಸಿಕ್ಕಿಬಿದ್ದಳು. ಗುಂಡಿ ಕಿತ್ತುಕೊಳ್ಳುವ ಹುಡುಗಿಯರೇ ಬೈಗುಳ ತಿನ್ನುವ ಹುಡುಗಿಯರು ಎನ್ನುವುದು ಯಾರಿಗೂ ಹೊಳೆಯಲಿಲ್ಲ. ಕೆಂಪು ಎಂದರೆ ವಾರ್ಡನ್ ಕಣ್ಣು ಬಿದ್ದಿದೆ ಎಂದಾಯಿತು.

ನೀಲಿ ಬಂದ ಇಬ್ಬರು ಓಟದ ತಂಡಕ್ಕೆ ಆಯ್ಕೆಯಾದರು. ಓಡುವವರದೇ ಲಂಗದ ಅಂಚು ಬಿಚ್ಚುವುದು. ಆದರೆ ನೀಲಿ ಎಂದರೆ ಅದೃಷ್ಟ ಎಂದಾಯಿತು.

ಹಳದಿ ಬಂದವರಿಗೆ ಏನೂ ಆಗಲಿಲ್ಲ. ಅದೇ ದೊಡ್ಡ ಭಯ. ಏನೋ ಇರಲೇಬೇಕು, ಏನೂ ಆಗುತ್ತಿಲ್ಲ ಎಂದರೆ ಏನರ್ಥ ಎಂದು ಅವರು ಲಾಯರ್ ಹತ್ತಿರ ಹೋದರು. ಲಾಯರ್ ಎಂದರೆ ಮೂರನೇ ಮಹಡಿಯ ದಪ್ಪ ಕನ್ನಡಕದ ಹುಡುಗಿ, ಊಟಕ್ಕೆ ಬಾ ಎಂದರೂ ಸಾಕ್ಷಿ ಕೇಳುವವಳು. ಅವಳು ಎಲ್ಲ ಕೇಳಿ, ನಿಮ್ಮ ವಿಚಾರಣೆ ಬಾಕಿ ಇದೆ ಎಂದು ತೀರ್ಪು ಕೊಟ್ಟಳು. ಹಳದಿಯವರು ನಾಲ್ಕು ದಿನ ನೆಟ್ಟಗೆ ಉಣ್ಣಲಿಲ್ಲ.

ಬಿಳಿ ಬಂದದ್ದು ಹಿಂದಿನ ತಿಂಗಳು ದೊಡ್ಡ ಹುಡುಗಿಯೊಬ್ಬಳಿಗೆ. ವಾರದೊಳಗೆ ಅವಳ ಅಪ್ಪ ಬಂದು ಹಾಸಿಗೆ ಸಮೇತ ಕರೆದುಕೊಂಡು ಹೋದ. ಅಪ್ಪನಿಗೆ ಬೇರೆ ಊರಿಗೆ ವರ್ಗವಾಗಿತ್ತು, ಅಷ್ಟೇ. ಆದರೆ ಬಿಳಿ ಎಂದರೆ ಹೊರಗೆ ಹಾಕುತ್ತಾರೆ ಎಂದಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟುವ ವಯಸ್ಸು.

ಇಷ್ಟಾದ ಮೇಲೆ ದಾರದಮ್ಮ ಯಾರು ಎಂದು ಬೇರೆ ಹೇಳಬೇಕೆ. ವಾರ್ಡನ್‌ರ ಗುಪ್ತಚಾರಿಣಿ. ಐದು ತಿಂಗಳಿಂದ ಅವಳು ಯಾರ ಹತ್ತಿರವೂ ಮಾತಾಡುತ್ತಿಲ್ಲ ಯಾಕೆ? ಬಾಯಿ ಬಿಡುವುದಿಲ್ಲ ಎಂದು ವಾರ್ಡನ್ ಆಣೆ ಹಾಕಿಸಿದ್ದಾರೆ ಎಂದಳು ರೇಡಿಯೋ. ಗಂಡ ಸತ್ತದ್ದು ಎಲ್ಲರಿಗೂ ಗೊತ್ತಿತ್ತು. ಆದರೆ ಅದಕ್ಕೆ ಮಾತು ನಿಲ್ಲುತ್ತದೆ ಎನ್ನುವುದು ಆ ವಯಸ್ಸಿಗೆ ಗೊತ್ತಿರುವ ವಿಷಯವಲ್ಲ.

ಮಕ್ಕಳು ಅವಳನ್ನು ಒಲಿಸಿಕೊಳ್ಳಲು ಹೊರಟರು. ದಾರಿಯಲ್ಲಿ ಸಿಕ್ಕರೆ ನಮಸ್ತೆ ಅಮ್ಮ. ಬುಟ್ಟಿ ಎತ್ತಿದರೆ ನಾಲ್ಕು ಕೈ. ಕಿಟಕಿಯಲ್ಲಿ ಬಿಸ್ಕತ್ತು. ಊಟದ ಮನೆಯಲ್ಲಿ ಅವಳಿಗೆ ಜಾಗ ಬಿಟ್ಟು ಮೂವರು ಎದ್ದು ನಿಲ್ಲುವುದು.

ಅವಳು ಅದನ್ನು ಕನಿಕರ ಎಂದುಕೊಂಡಳು. ಗಂಡ ಸತ್ತವಳು, ಪಾಪ, ಎನ್ನುತ್ತಿದ್ದಾರೆ. ಐದು ತಿಂಗಳಲ್ಲಿ ಅವಳಿಗೆ ಸಾಕಾಗಿ ಹೋಗಿದ್ದದ್ದು ಅದೊಂದೇ. ಅಡುಗೆಯವಳಿಂದ ಹಿಡಿದು ವ್ಯಾನಿನ ಡ್ರೈವರ್‌ವರೆಗೆ ಎಲ್ಲರೂ ತಲೆ ಒಂದು ಕಡೆ ವಾಲಿಸಿ ಮಾತಾಡುತ್ತಿದ್ದರು. ಈಗ ಈ ಚಿಳ್ಳೆಪಿಳ್ಳೆಗಳೂ ಶುರು ಮಾಡಿದವು. ಒಂದು ದಿನ ರೇಡಿಯೋ ಎರಡು ಬಿಸ್ಕತ್ತು ಹಿಡಿದು ಬಾಗಿಲಲ್ಲಿ ನಿಂತಾಗ ದಾರದಮ್ಮ ತಲೆ ಎತ್ತದೆ ಹೇಳಿದಳು.

"ನಂಗೆಲ್ಲ ಗೊತ್ತು. ಯಾಕೆ ಕೊಡ್ತಿದೀಯ ಅಂತಾನೂ ಗೊತ್ತು. ಇದೆಲ್ಲ ನನ್ನ ಹತ್ರ ನಡೆಯಲ್ಲ, ಹೋಗು."

ರೇಡಿಯೋಳ ಕೈಯಿಂದ ಬಿಸ್ಕತ್ತು ಬಿತ್ತು. ಲಂಚ ತೆಗೆದುಕೊಳ್ಳುವುದಿಲ್ಲ, ಎಲ್ಲ ಗೊತ್ತಂತೆ ಎಂದು ಸಂಜೆಯೊಳಗೆ ಮೂರು ಮಹಡಿಗೂ ಸುದ್ದಿಯಾಯಿತು.

ಒಲಿಸಲಾಗದವಳನ್ನು ವಂಚಿಸುವುದೊಂದೇ ಉಳಿದಿತ್ತು. ಮಕ್ಕಳು ಕೆಂಪು ದಾರ ಬಿಚ್ಚಿ ಎಸೆದರು. ಅವಳು ಸ್ನಾನಕ್ಕೆ ಹೋದಾಗ ಡಬ್ಬಿಯಿಂದ ನೀಲಿ ಕದ್ದು ತಮ್ಮ ತಮ್ಮ ಬಟ್ಟೆಗೆ ಕಟ್ಟಿಕೊಂಡರು. ಓಟದ ತಂಡಕ್ಕೆ ಸೇರುವ ಆಸೆ ಅಷ್ಟಿತ್ತು.

ಆ ಬಟ್ಟೆಯೆಲ್ಲ ವ್ಯಾನಿಗೆ ಹೋಗಿ ವಾಪಸು ಬಂತು. ದಾರದಮ್ಮ ಒಂದು ಲಂಗ ಬಿಡಿಸಿದಳು. ನೀಲಿ ದಾರ. ಅಂಚು ನೋಡಿದಳು, ಸರಿಯಿತ್ತು. ಕಿಟಕಿಯ ಬೆಳಕಿಗೆ ಹಿಡಿದಳು, ಸರಿಯಿತ್ತು. ಹೊರಳಿಸಿ, ಬೆರಳಾಡಿಸಿ, ಸುತ್ತಲೂ ತಡಕಿದಳು. ಅರ್ಧ ಗಂಟೆ ಹೋಯಿತು. ಬಿಚ್ಚಿದ ಅಂಚು ಸಿಗಲಿಲ್ಲ. ಇನ್ನೊಂದು ತೆಗೆದಳು. ಅದಕ್ಕೂ ನೀಲಿ, ಅದರಲ್ಲೂ ಏನಿಲ್ಲ. ಗುಂಡಿ ಇಲ್ಲದ ಬಟ್ಟೆಗಳು ದಾರವೇ ಇಲ್ಲದೆ ಬಿದ್ದಿದ್ದವು. ಅವನ್ನು ನೋಡಿದ ನೆನಪಿತ್ತು, ಕಟ್ಟಿದ ನೆನಪೂ ಇತ್ತು.

ಕಣ್ಣು ಹೋಯಿತು ಎಂದುಕೊಂಡಳು. ಅಥವಾ ತಲೆ. ಅವಳ ಅತ್ತೆಗೂ ಹೀಗೇ ಆಗಿತ್ತು, ಕೊನೆಗೆ ಮಗನನ್ನೇ ಯಾರಪ್ಪ ನೀನು ಎಂದು ಕೇಳಿದ್ದಳು.

ಆಮೇಲೆ ಗಂಟು ನೋಡಿದಳು. ಅವಳು ಹಾಕುವ ಗಂಟಲ್ಲ ಅದು. ಬೇರೆ ಕೈಯ ಗಂಟು. ಒಂದು ಗಳಿಗೆ, ಒಂದೇ ಗಳಿಗೆ, ಅವಳು ತಲೆ ಎತ್ತಿ ಕಿಂಡಿಯ ಕಡೆ ನೋಡಿದಳು. ಮಂಚದ ಕಾಲು ಕಂಡಿತು. ತಲೆ ತಗ್ಗಿಸಿ ಲಂಗ ಮಡಚಿದಳು.

ಆ ವಾರ ಗುಂಡಿಯಿಲ್ಲದೆ ಕ್ಲಾಸಿಗೆ ಹೋದ ಮಕ್ಕಳು ಹದಿನಾಲ್ಕು. ವಾರ್ಡನ್ ಪಿನ್ನಿನ ಡಬ್ಬಿ ತಂದು ಊಟದ ಮನೆಯ ಬಾಗಿಲಲ್ಲಿ ನಿಂತು ಒಬ್ಬೊಬ್ಬಳಿಗೇ ಚುಚ್ಚಿ ಕಳಿಸಿದರು. ದಾರದಮ್ಮನ ಕಡೆ ಒಮ್ಮೆ ನೋಡಿದರು. ತಿಂಗಳು ಮುಗಿಯಲು ಒಂಬತ್ತು ದಿನ ಇತ್ತು. ಅವಳು ತನ್ನ ಮಂಚದ ಕೆಳಗಿನ ಚೀಲ ಎಳೆದು ದೂಳು ಕೊಡವಿಟ್ಟಳು.

ಅಷ್ಟರಲ್ಲಿ ಗುಬ್ಬಿಯ ಸ್ವೆಟರು ಬಂತು. ಗುಬ್ಬಿ ಆ ವರ್ಷ ಸೇರಿದ ಅತಿ ಚಿಕ್ಕ ಹುಡುಗಿ, ಎಂಟು ವರ್ಷ. ಮನೆಯಲ್ಲಿ ತಮ್ಮ ಹುಟ್ಟಿದ್ದ, ಇವಳನ್ನು ಇಲ್ಲಿಗೆ ಕಳಿಸಿದ್ದರು. ಸ್ವೆಟರಿನ ಎರಡು ಮೊಣಕೈಯೂ ಹೋಗಿ, ಹಿಡಿದರೆ ನೂಲು ಕೈಗೆ ಬರುತ್ತಿತ್ತು. ಹೊಲಿಗೆ ನಿಲ್ಲಲು ಜಾಗವಿರಲಿಲ್ಲ. ದಾರದಮ್ಮ ಬಿಳಿ ಕಟ್ಟಿದಳು. ಹೊಸದು ತರಿಸಲು ವಾರ್ಡನ್‌ಗೆ ಹೇಳಬೇಕು ಎಂದುಕೊಂಡಳು. ಆದರೆ ಆಗ ಅವರ ಮುಖ ನೋಡಲು ಮನಸ್ಸಿರಲಿಲ್ಲ. ನಾಳೆ ಹೇಳಿದರಾಯಿತು ಎಂದು ಕಪಾಟಿಗೆ ಕಳಿಸಿದಳು.

ಬಿಳಿ ದಾರ ನೋಡಿ ಇಡೀ ಮಹಡಿ ಕಣ್ಣೀರು ಹಾಕಿತು. ಗುಬ್ಬಿ ಎಂಥ ಅಪರಾಧ ಮಾಡಿರಬಹುದು ಎಂದು ಚರ್ಚೆಯಾಯಿತು. ಹಾಲು ಚೆಲ್ಲಿದ್ದಕ್ಕಿಂತ ದೊಡ್ಡದು ಯಾರಿಗೂ ನೆನಪಾಗಲಿಲ್ಲ. ಒಬ್ಬಳು ಅರ್ಧ ರಬ್ಬರು ಕೊಟ್ಟಳು, ಒಬ್ಬಳು ರಿಬ್ಬನ್ನು, ರೇಡಿಯೋ ತನ್ನ ಒಂದೇ ಒಂದು ಗಾಜಿನ ಗೋಲಿ ಕೊಟ್ಟಳು. ಲಾಯರ್ ಗೆರೆ ಹಾಳೆಯಲ್ಲಿ ಅರ್ಜಿ ಬರೆದಳು. ಈ ಮಗುವನ್ನು ಹೊರಗೆ ಹಾಕಬಾರದು, ಹಾಕುವುದಾದರೆ ಕೆಳಗೆ ಸಹಿ ಮಾಡಿದ ನಾವೂ ಹೋಗುತ್ತೇವೆ. ನಲವತ್ತೊಂದು ಸಹಿ.

ಅಳದೆ ಇದ್ದವಳು ಗುಬ್ಬಿ ಒಬ್ಬಳೇ. ಅವಳು ಪೆಟ್ಟಿಗೆ ತುಂಬಿದಳು. ಶೂ ಉಜ್ಜಿದಳು. ಪೆಟ್ಟಿಗೆಯನ್ನು ಒಂದೊಂದೇ ಮೆಟ್ಟಿಲು ಇಳಿಸಿ, ಜಗಲಿಯ ಮೇಲಿಟ್ಟು, ಅದರ ಮೇಲೆ ಕೂತು ಗೇಟಿನ ಕಡೆ ನೋಡತೊಡಗಿದಳು.

ವಾರ್ಡನ್ ಅರ್ಜಿಯನ್ನು ನಾಲ್ಕು ಸಲ ಓದಿದರು. ಲಾಯರನ್ನೂ ರೇಡಿಯೋಳನ್ನೂ ಕರೆಸಿದರು. ಏನೆಂದು ಕೇಳಿದರೆ ದಾರ ಎಂದರು. ಯಾವ ದಾರ ಎಂದರೆ ನಿಮಗೆ ಗೊತ್ತಲ್ಲ ಮೇಡಂ ಎಂದರು. ಕೊನೆಗೆ ದಾರದಮ್ಮನಿಗೆ ಹೇಳಿಕಳಿಸಿದರು.

ಅವಳು ಬಂದು ಬಾಗಿಲ ಹತ್ತಿರ ನಿಂತಳು. ಮುಗಿಯಿತು ಎಂದುಕೊಂಡೇ ಬಂದಿದ್ದಳು. ಮೇಜಿನ ಮೇಲೆ ಗುಬ್ಬಿಯ ಸ್ವೆಟರಿತ್ತು.

"ಇದೇನಮ್ಮ ಇದು?" ಎಂದರು ವಾರ್ಡನ್.

"ಸ್ವೆಟರು."

"ದಾರ ಏನು ಅಂತ ಕೇಳ್ದೆ."

"ಬಿಳಿ. ಇದು ಇನ್ನು ಆಗಲ್ಲ, ಹೊಸದು ಬೇಕು ಅಂತ. ಮೊಣಕೈ ನೋಡಿ. ಹೇಳಬೇಕಿತ್ತು ನಿಮಗೆ, ಹೇಳಲಿಲ್ಲ."

ವಾರ್ಡನ್ ಮೊಣಕೈ ನೋಡಿದರು. ಲಾಯರೂ ಬಗ್ಗಿ ನೋಡಿದಳು.

"ಮತ್ತೆ ಕೆಂಪು?" ಎಂದಳು ರೇಡಿಯೋ.

"ಗುಂಡಿ."

"ಬರೀ ಗುಂಡಿನಾ?"

"ಮತ್ತೇನು, ಬಂಗಾರನಾ? ನೀಲಿ ಅಂದ್ರೆ ಅಂಚು. ಹಳದಿ ಅಂದ್ರೆ ಸವೆದಿದೆ, ಇನ್ನೂ ಸ್ವಲ್ಪ ದಿನ ತಡ್ಕೊಳ್ಳುತ್ತೆ. ಅಷ್ಟೇ."

ಲಾಯರ್ ಕನ್ನಡಕ ತೆಗೆದು ಒರೆಸಿದಳು. ಹಳದಿಯವರ ವಿಚಾರಣೆ ನೆನಪಾಗಿರಬೇಕು. ವಾರ್ಡನ್ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಕಿಟಕಿಯ ಕಡೆ ತಿರುಗಿದರು. ಅವರ ಹೆಗಲು ಅಲುಗುತ್ತಿತ್ತು.

ಲಾಯರ್‌ಗೆ ಇನ್ನೂ ಒಂದು ಪ್ರಶ್ನೆ ಉಳಿದಿತ್ತು. ಯಾವುದನ್ನೂ ಅರ್ಧಕ್ಕೆ ಬಿಡುವ ಹುಡುಗಿಯಲ್ಲ ಅವಳು.

"ಅಮ್ಮ, ನೀವೇ ನೋಡಿ ನೀವೇ ಹೊಲಿಯೋದಲ್ವಾ? ಮತ್ತೆ ಈ ಗುರುತು ಯಾರಿಗೆ?"

ದಾರದಮ್ಮ ಮೇಜಿನ ಮೇಲಿನ ಸ್ವೆಟರು ಮಡಚಿದಳು.

"ಒಗೆಯೋರು ನಂಗೆ ಕಟ್ಟಿ ಕಳಿಸ್ತಿದ್ರು. ಈಗ ಅವರಿಲ್ಲ. ಕೈ ಕಟ್ಟುತ್ತೆ, ಏನು ಮಾಡಲಿ."

ರೇಡಿಯೋಳಿಗೆ ಅಳು ಬಂತು. ಅಳುತ್ತಲೇ ಎಲ್ಲ ಒಪ್ಪಿಸಿದಳು. ಕೆಂಪು ಬಿಚ್ಚಿ ಎಸೆದದ್ದು, ನೀಲಿ ಕದ್ದದ್ದು, ಸ್ನಾನದ ಹೊತ್ತು ಕಾದು ನಿಂತದ್ದು, ಯಾರು ಯಾರು ಎಷ್ಟೆಷ್ಟು. ಕೇಳದಿದ್ದದ್ದನ್ನೂ ಹೇಳಿದಳು. ಗುಂಡಿ ಹಾಕದೆ ಉಳಿದದ್ದು ದಾರದಮ್ಮನ ತಪ್ಪಲ್ಲ, ನಮ್ಮ ತಪ್ಪು ಎಂದು ಲಾಯರ್ ಕೊನೆಗೆ ಸೇರಿಸಿದಳು.

ದಾರದಮ್ಮನಿಗೆ ಸಿಟ್ಟು ಬರಬೇಕಿತ್ತು. ಅವಳು ಕೇಳದೆಯೇ ಕುರ್ಚಿಯ ಮೇಲೆ ಕೂತುಬಿಟ್ಟಳು. ಹಾಗಾದರೆ ಕಣ್ಣಿದೆ. ತಲೆಯೂ ಇದೆ. ಆ ಗಂಟು ಈ ಕೋತಿಗಳದು. ಕಣ್ಣಿದ್ದದ್ದು ಸಂತೋಷವೇ. ಆದರೆ ಆ ಗಂಟು ಯಾರದೆಂದು ತಿಳಿದದ್ದು ಸಂತೋಷವಲ್ಲ.

ವಾರ್ಡನ್ ಅವಳನ್ನು ನೋಡಿದರು. ಈ ತಿಂಗಳು ಎಂದಿದ್ದು ಬಿಡಿ, ಪರೀಕ್ಷೆ ಮುಗಿಯುವವರೆಗೆ ಹೀಗೇ ನಡೆಯಲಿ, ಆಮೇಲೆ ನೋಡೋಣ ಎಂದರು. ಅದಕ್ಕಿಂತ ಹೆಚ್ಚು ಹೇಳುವ ಅಧಿಕಾರ ಅವರಿಗೂ ಇರಲಿಲ್ಲ. ತನಗೂ ಒಂದು ಹಳದಿ ಕಟ್ಟಿದರು ಎಂದುಕೊಂಡು ದಾರದಮ್ಮ ಎದ್ದಳು.

ಜಗಲಿಯಲ್ಲಿ ಗುಬ್ಬಿ ಪೆಟ್ಟಿಗೆಯ ಮೇಲೇ ಕೂತಿದ್ದಳು. ವಾರ್ಡನ್ ಬಗ್ಗಿ ಅವಳಿಗೆ ತಿಳಿಸಿ ಹೇಳಿದರು. ಯಾರೂ ನಿನ್ನನ್ನು ಕಳಿಸುತ್ತಿಲ್ಲ, ಹೆದರಬೇಡ, ಸ್ವೆಟರು ಹರಿದಿದೆ ಅಷ್ಟೇ, ಹೊಸದು ಬರುತ್ತದೆ ಎಂದರು. ಗುಬ್ಬಿ ಕೇಳಿದಳು. ನಿಧಾನವಾಗಿ ಅವಳ ಮುಖ ಕೆಟ್ಟಿತು.

"ಹಾಗಾದ್ರೆ ನಾನು ಮನೆಗೆ ಹೋಗಲ್ವಾ?"

ಮೂರು ಮಹಡಿಯ ಮಕ್ಕಳು ಕಂಬಿಗಳಿಗೆ ಒರಗಿ ಚಪ್ಪಾಳೆ ಹೊಡೆಯುತ್ತಿದ್ದರು. ಗುಬ್ಬಿ ಜೋರಾಗಿ ಅತ್ತಳು. ಬಚಾವಾದ ಸಂತೋಷಕ್ಕೆ ಅಳುತ್ತಿದ್ದಾಳೆ ಎಂದು ರೇಡಿಯೋ ಮೇಲಿನವರಿಗೆ ಕೂಗಿ ಹೇಳಿದಳು. ಅದಕ್ಕೂ ಚಪ್ಪಾಳೆ ಬಿತ್ತು.

ಮುಂದಿನ ಸೋಮವಾರ ಒಗೆಯಲು ಹೋಗಬೇಕಾದ ಬುಟ್ಟಿ ಮೊದಲು ಹೊಲಿಗೆ ಕೋಣೆಗೆ ಬಂತು. ದಾರದಮ್ಮ ಮುಚ್ಚಿದ ಬಟ್ಟೆ ಸರಿಸಿದಳು. ಕೆಂಪು, ನೀಲಿ, ಹಳದಿ. ಮಕ್ಕಳು ತಮ್ಮ ತಮ್ಮ ಬಟ್ಟೆ ತಾವೇ ನೋಡಿ ಕಟ್ಟಿದ್ದರು. ಲಾಯರ್ ಹೇಳಿಕೊಟ್ಟದ್ದಂತೆ. ಅರ್ಧಕ್ಕರ್ಧ ತಪ್ಪು. ಗುಂಡಿ ಗಟ್ಟಿಯಾಗಿರುವಲ್ಲಿ ಕೆಂಪು, ಯಾವುದಕ್ಕೂ ಇರಲಿ ಎಂದು. ರೇಡಿಯೋಳ ಒಂದೇ ಅಂಗಿಗೆ ಮೂರು ಬಣ್ಣ, ಮೂರೂ ನಿಜ. ಯಾರೋ ಒಬ್ಬಳು ಕಾಲುಚೀಲಕ್ಕೆ ಹಸಿರು ಕಟ್ಟಿದ್ದಳು. ಹಸಿರು ಎಂದರೆ ಏನೆಂದು ಅವಳೇ ಬಲ್ಲಳು.

ಆದರೂ ಹುಡುಕುವ ಕೆಲಸ ಅರ್ಧ ಕಮ್ಮಿಯಾಯಿತು. ಬೆಳಿಗ್ಗೆಯೇ ಹೊಲಿಯಲು ಕೂತಳು. ಐದು ತಿಂಗಳ ಮೇಲೆ, ಬೇರೆ ಯಾರೋ ಕಟ್ಟಿದ ದಾರ ಬಿಚ್ಚಿ ಡಬ್ಬಿಗೆ ಹಾಕಿದಳು. ಗಂಡನ ಅಂಗಿ ಕಿಂಡಿಯ ಪಕ್ಕದ ಮೊಳೆಯಲ್ಲಿತ್ತು, ಗುಂಡಿಯ ಹಳದಿ ಹಾಗೇ ಇತ್ತು. ಅದನ್ನು ಬಿಚ್ಚುವ ಯೋಚನೆ ಅವಳಿಗಿರಲಿಲ್ಲ.

ಬುಟ್ಟಿಯ ತಳದಲ್ಲಿ ಒಂದು ಚಿಕ್ಕ ಲಂಗಕ್ಕೆ ಬಿಳಿ ದಾರ ಸಿಕ್ಕಿತು. ಬಿಡಿಸಿ ನೋಡಿದಳು. ಅಂಚು ಸರಿ. ಕೊಕ್ಕೆ ಸರಿ. ಬೆಳಕಿಗೆ ಹಿಡಿದಳು, ಒಂದು ತೂತಿಲ್ಲ. ಗಂಟು ಮಾತ್ರ ಏಳೆಂಟು ಸಲ ಸುತ್ತಿ ಬಿಗಿದಿತ್ತು. ತಲೆ ಎತ್ತಿದರೆ ಬಾಗಿಲಲ್ಲಿ ಗುಬ್ಬಿ ನಿಂತಿದ್ದಳು.

"ಎಲ್ಲಿ ಹರಿದಿದೆ ಪುಟ್ಟಿ?"

"ಎಲ್ಲೂ ಇಲ್ಲ."

"ಮತ್ತೆ?"

ಗುಬ್ಬಿ ಬಾಗಿಲಿನ ಚಿಲಕ ಆಡಿಸಿದಳು.

"ಆಗಲ್ಲ" ಎಂದಳು.

ದಾರದಮ್ಮ ಅವಳನ್ನು ಒಳಗೆ ಕರೆಯಲಿಲ್ಲ, ತಲೆ ಸವರಲಿಲ್ಲ. ಹಲ್ಲಿನಿಂದ ಬಿಳಿ ಗಂಟು ಬಿಚ್ಚಿದಳು. ಡಬ್ಬಿಯಲ್ಲಿ ಕೈಯಾಡಿಸಿ ಹಳದಿ ದಾರ ತೆಗೆದು, ಅದೇ ಜಾಗದಲ್ಲಿ, ಎರಡು ಸುತ್ತು ಹಾಕಿ ಕಟ್ಟಿದಳು. ಅವನು ಕಟ್ಟುತ್ತಿದ್ದದ್ದು ಹಾಗೆ.

ಗುಬ್ಬಿ ಬಾಗಿಲಿನಿಂದಲೇ ಬಗ್ಗಿ ನೋಡಿದಳು. ಬಣ್ಣದ ಅರ್ಥ ಈಗ ಎಲ್ಲರಿಗೂ ಗೊತ್ತಿತ್ತು.

"ಎಷ್ಟು ದಿನ?"

"ನಂಗೂ ಗೊತ್ತಿಲ್ಲ. ಪರೀಕ್ಷೆವರೆಗೆ ನೋಡೋಣ. ನಂದೂ ಅಲ್ಲೀವರೆಗೇ."

ಗುಬ್ಬಿ ಒಳಗೆ ಬಂದು ನೆಲದ ಮೇಲೆ ಕೂತಳು. ದಾರದಮ್ಮ ಅವಳ ಕೈಗೆ ಸೂಜಿ ದಾರ ಕೊಟ್ಟು ಪೋಣಿಸು ಎಂದಳು. ಮಗುವಿನ ಕಣ್ಣು, ಒಂದೇ ಸಲಕ್ಕೆ ಪೋಣಿಸಿತು.

ದಾರದಮ್ಮ ಬುಟ್ಟಿಯಿಂದ ಮುಂದಿನ ಬಟ್ಟೆ ತೆಗೆದಳು. ಕೆಂಪು. ಗುಂಡಿ ಹೋಗಿತ್ತು.